ಸೋಮವಾರ ಏಳದ ಮಷಿನ್: ಹಳೇ ಫಾನುಕ್ 0-ಎಂ ಕಂಟ್ರೋಲಿಗೆ ಪಾರ್ಟ್ಸ್ ಹುಡುಕಿದ ಲಾಗ್

ಪೀಣ್ಯದಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುವ ಒಂದು ಜಾಬ್ ಶಾಪ್ ಇದೆ. ಅದರ ಮೂಲೆಯಲ್ಲಿ ಒಂದು ಹಳೇ ವಿಎಂಸಿ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್. ಜಪಾನಿನಲ್ಲಿ ದುಡಿದು, ಆಮೇಲೆ ಸೆಕೆಂಡ್ ಹ್ಯಾಂಡಲ್ಲಿ ಬೆಂಗಳೂರಿಗೆ ಬಂದದ್ದು. ಬಿಟಿ40 ಸೈಜಿನ ಟೂಲ್ ಹಿಡಿಯುವ ಸ್ಪಿಂಡಲ್, ಬಾಕ್ಸ್ ವೇ (ಟೇಬಲ್ ಜಾರುವ ಅಗಲ ಹಳಿ), ಒಳ್ಳೇ ಭಾರದ ಕಾಸ್ಟಿಂಗ್. ಕಂಟ್ರೋಲ್, ಅಂದರೆ ಮಷಿನ್ ನಡೆಸುವ ಕಂಪ್ಯೂಟರ್, ಜಪಾನಿನ ಫಾನುಕ್ ಕಂಪನಿಯ 0-ಎಂ. 1985ರಲ್ಲಿ ಮಾರ್ಕೆಟ್ಟಿಗೆ ಬಂದ ಸೀರೀಸ್ ಇದು. ಒಂಬತ್ತು ಇಂಚಿನ ಹಸಿರು ಅಕ್ಷರದ ಸ್ಕ್ರೀನ್, ರೆಡ್ ಕ್ಯಾಪ್ ಸರ್ವೋ ಮೋಟರ್‌ಗಳು. ಬೆಡ್ಡಿನಲ್ಲಿ ಇವತ್ತಿಗೂ ಒಂದು ಚೂರು ಆಟ ಇಲ್ಲ. ಹೊಸ ಮಷಿನ್‌ಗಳಲ್ಲಿ ಮಾಡಲು ಹೆದರುವ ಭಾರೀ ರಫಿಂಗನ್ನೆಲ್ಲ (ಮೊದಲ ಒರಟು ಕಟಿಂಗ್) ಓನರ್ ಇದರ ಮೇಲೇ ಹಾಕುತ್ತಾರೆ.

ತೊಂದರೆ ಇದ್ದದ್ದು ಸೋಮವಾರ. ಭಾನುವಾರ ರಜೆ ಮುಗಿಸಿ ಬೆಳಿಗ್ಗೆ ಮೊದಲ ಶಿಫ್ಟಿನವರು ಹಸಿರು ಬಟನ್ ಒತ್ತಿದರೆ ಸ್ಕ್ರೀನ್ ಬರುತ್ತಿರಲಿಲ್ಲ. ಪ್ಯಾನೆಲ್ ಬಾಗಿಲು ತೆಗೆದು ನೋಡಿದರೆ ಕಂಟ್ರೋಲಿಗೆ ಕರೆಂಟ್ ಹಂಚುವ ಪವರ್ ಯೂನಿಟ್ ಮೇಲೆ ಎರಡು ಲೈಟ್. ಪಿಐಎಲ್ ಅಂತ ಬರೆದ ಹಸಿರು ಲೈಟ್ ಉರಿಯುತ್ತಿದೆ, ಅಂದರೆ ಒಳಗೆ ಕರೆಂಟ್ ಬಂದಿದೆ. ಪಕ್ಕದಲ್ಲಿ ಎಎಲ್‌ಎಂ ಅಂತ ಬರೆದ ಕೆಂಪು ಲೈಟ್ ಕೂಡ ಉರಿಯುತ್ತಿದೆ. ಆಫ್ ಬಟನ್ ಒತ್ತಿದರೆ ಕೆಂಪು ಹೋಗುತ್ತದೆ, ಮತ್ತೆ ಆನ್ ಮಾಡಿದರೆ ಬರುತ್ತದೆ. ಹೀಗೇ ಒತ್ತುತ್ತಾ ಇದ್ದರೆ ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದವರ ಹಾಗೆ ಮಷಿನ್ ಎದ್ದು ನಿಲ್ಲುತ್ತಿತ್ತು. ಆಮೇಲೆ ಶನಿವಾರದ ತನಕ ಚಿಂತೆ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಈ ಕಾಟ ಜಾಸ್ತಿ.

ನನಗಿಂತ ಮೊದಲು ಬಂದು ನೋಡಿದವರು ಒಂದೇ ಮಾತು ಹೇಳಿ ಹೋಗಿದ್ದರು: ‘ಮದರ್ ಬೋರ್ಡ್ ಹೋಗಿದೆ.’ ಹಳೇ ಮಷಿನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಇದೇ. ಬೋರ್ಡ್ ಹೋಗಿದೆ, ಬೋರ್ಡ್ ಸಿಗಲ್ಲ, ಕಂಟ್ರೋಲ್ ಕಿತ್ತು ಹೊಸದು ಹಾಕಿ. ಆ ಬೋರ್ಡಿಗೆ ಹೇಳಿದ ಬೆಲೆ ಕೇಳಿ ಓನರ್ ಒಂದು ವಾರ ಆ ಮಷಿನ್ ಕಡೆ ತಿರುಗಿ ನೋಡಿರಲಿಲ್ಲ. ಆದರೆ ಇಡೀ ಬೋರ್ಡ್ ಒಟ್ಟಿಗೆ ಸಾಯುವುದು ಬಲು ಅಪರೂಪ. ಸಾಯುವುದು ಅದರ ಮೇಲಿನ ಯಾವುದೋ ಒಂದೆರಡು ಪಾರ್ಟ್. ಆ ಪಾರ್ಟ್ ಯಾವುದು ಅಂತ ಗೊತ್ತಾಗುವ ತನಕ ಮಾರ್ಕೆಟ್ಟಿಗೆ ಹೋಗಬಾರದು. ನನ್ನ ಕೆಲಸದ ಕ್ರಮ ಇಷ್ಟೇ.

ಇಲ್ಲಿ ಸುಳಿವು ಕೊಟ್ಟಿದ್ದು ಆಪರೇಟರ್. ‘ಸಾರ್, ಶನಿವಾರ ರಾತ್ರಿ ಪ್ಯಾನೆಲ್ ಒಳಗೆ ನೂರು ವ್ಯಾಟ್ ಬಲ್ಬ್ ಉರಿಸಿ ಇಟ್ಟು ಹೋದರೆ ಸೋಮವಾರ ಒಂದೇ ಸಲಕ್ಕೆ ಆನ್ ಆಗ್ತದೆ’ ಅಂದರು. ಯಾರೂ ಹೇಳಿಕೊಡದೆ ಅವರೇ ಕಂಡುಕೊಂಡದ್ದು. ಈ ಒಂದು ಮಾತಿಗೆ ನಾನು ಅರ್ಧ ದಿನದ ಟೆಸ್ಟಿಂಗ್ ಬಿಟ್ಟುಕೊಡುತ್ತೇನೆ. ತಣ್ಣಗಿದ್ದಾಗ ಏಳಲ್ಲ, ಬೆಚ್ಚಗಾದರೆ ಏಳುತ್ತದೆ ಅಂದರೆ ಮೊದಲ ಅನುಮಾನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಮೇಲೆ, ಅಂದರೆ ಚಾರ್ಜ್ ಹಿಡಿದಿಟ್ಟು ವೋಲ್ಟೇಜನ್ನು ಸಮ ಮಾಡುವ ಪಾರ್ಟ್ ಮೇಲೆ. ವಯಸ್ಸಾದಂತೆ ಒಳಗಿನ ದ್ರವ ಒಣಗುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಇದನ್ನೇ ಇಎಸ್‌ಆರ್ ಅನ್ನುತ್ತಾರೆ. ತಣ್ಣಗಿದ್ದಾಗ ಇದು ಇನ್ನೂ ಜಾಸ್ತಿ. ಸಪ್ಲೈ ಏಳುವ ಹೊತ್ತಿಗೆ ವೋಲ್ಟೇಜ್ ಕುಣಿಯುತ್ತದೆ, ಕಾವಲು ಸರ್ಕ್ಯೂಟ್ ಕೆಂಪು ಲೈಟ್ ಹಾಕಿ ನಿಲ್ಲಿಸಿಬಿಡುತ್ತದೆ. ಇದು ತಯಾರಿಸಿದವರ ತಪ್ಪಲ್ಲ. ಮೂವತ್ತು ವರ್ಷ ಬಾಳಿದ ಕೆಪ್ಯಾಸಿಟರಿಗೆ ಇನ್ನೇನು ಕೇಳೋದು?

ಅನುಮಾನ ಬೇರೆ, ಖಾತ್ರಿ ಬೇರೆ. ಮುಂದಿನ ಸೋಮವಾರ ಬೆಳಿಗ್ಗೆ ಯಾರೂ ಬಟನ್ ಮುಟ್ಟುವ ಮೊದಲೇ ಹೋದೆ. ಮೊದಲು ಸ್ಕ್ರೀನಿನ ಪವರ್ ಕೇಬಲ್ ತೆಗೆದು ಆನ್ ಮಾಡಿದೆ. ಕೆಂಪು. ಐಒ, ಅಂದರೆ ಮಷಿನ್ನಿನ ಸ್ವಿಚ್, ಬಟನ್‌ಗಳ ಕಡೆಗೆ ಹೋಗುವ ಸಪ್ಲೈ ತೆಗೆದೆ. ಆಗಲೂ ಕೆಂಪು. ಅಂದರೆ ಹೊರಗಡೆಯ ಲೋಡ್ ಎಳೆಯುತ್ತಿಲ್ಲ. ಆಮೇಲೆ ಎಲ್ಲ ಮತ್ತೆ ಸಿಕ್ಕಿಸಿ, ಪವರ್ ಯೂನಿಟ್ ಮೇಲೆ ಮಾತ್ರ ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಬಿಟ್ಟೆ. ಆನ್ ಮಾಡಿದೆ, ಬಂತು. ಮದರ್ ಬೋರ್ಡಿಗೆ ಗಾಳಿ ತಾಗದ ಹಾಗೆ ರಟ್ಟು ಅಡ್ಡ ಇಟ್ಟಿದ್ದೆ. ಹಾಗಾಗಿ ವಾದಕ್ಕೆ ಜಾಗ ಇರಲಿಲ್ಲ.

ಪವರ್ ಯೂನಿಟ್ ಬಿಚ್ಚುವ ಮೊದಲು ಒಂದು ಕೆಲಸ ಮಾಡಲೇಬೇಕು. ಇದನ್ನು ಮಾಡದೆ ಸ್ಕ್ರೂಡ್ರೈವರ್ ಎತ್ತಬೇಡಿ ಅಂತ ಗಟ್ಟಿಯಾಗೇ ಹೇಳುತ್ತೇನೆ. ಈ ಕಂಟ್ರೋಲ್‌ನಲ್ಲಿ ಪ್ಯಾರಾಮೀಟರ್ (ಮಷಿನ್ನಿನ ಸೆಟ್ಟಿಂಗ್), ಪ್ರೋಗ್ರಾಂ, ಆಫ್‌ಸೆಟ್ (ಟೂಲ್ ಅಳತೆಯ ಲೆಕ್ಕ) ಎಲ್ಲ ಬ್ಯಾಟರಿ ಮೇಲೆ ನಿಂತ ಮೆಮೊರಿಯಲ್ಲಿ ಇರುತ್ತವೆ. ಬ್ಯಾಟರಿ ಅಂದರೆ ಟಾರ್ಚಿಗೆ ಹಾಕುವ ದಪ್ಪ ಡಿ ಸೈಜ್ ಸೆಲ್, ಮೂರು. ಆಲ್ಕಲೈನ್ ಆಗಿರಬೇಕು. ಬದಲಾಯಿಸುವಾಗ ಮಷಿನ್ ಆನ್ ಇರಲೇಬೇಕು. ಆಫ್ ಮಾಡಿ ಸೆಲ್ ತೆಗೆದರೆ ಮೆಮೊರಿ ಖಾಲಿ, ಆಮೇಲೆ ಮಷಿನ್ ಬರೀ ಕಬ್ಬಿಣ. ಅದರಲ್ಲೂ 900ರಿಂದ ಶುರುವಾಗುವ ಪ್ಯಾರಾಮೀಟರ್‌ಗಳು ಮುಖ್ಯ. ಈ ಕಂಟ್ರೋಲಿಗೆ ಯಾವ ಯಾವ ಆಪ್ಷನ್ ಕೊಂಡಿದ್ದಾರೆ ಅನ್ನುವುದು ಅವುಗಳಲ್ಲೇ ಇರುತ್ತದೆ. ಮಷಿನ್ ಜೊತೆ ಬಂದ ಪ್ಯಾರಾಮೀಟರ್ ಹಾಳೆ ಪ್ಯಾನೆಲ್ ಬಾಗಿಲಿನ ಜೇಬಿನಲ್ಲಿ ಇರಬೇಕು. ಇಲ್ಲಿ ಜೇಬು ಇತ್ತು, ಹಾಳೆಯ ಮುಕ್ಕಾಲು ಭಾಗ ಜಿರಳೆ ಹೊಟ್ಟೆಯಲ್ಲಿತ್ತು.

ಮಷಿನ್ ಓಡುತ್ತಿದ್ದಾಗಲೇ ಬ್ಯಾಕಪ್ ತೆಗೆದೆ. ಇಪ್ಪತ್ತೈದು ಪಿನ್ನಿನ ಆರ್‌ಎಸ್232 ಪೋರ್ಟ್, ಲ್ಯಾಪ್‌ಟಾಪಿಗೆ ಯುಎಸ್‌ಬಿ ಕನ್ವರ್ಟರ್. ಎರಡೂ ಕಡೆ ಒಂದೇ ಸೆಟ್ಟಿಂಗ್: 4800 ಬಾಡ್, ಏಳು ಡೇಟಾ ಬಿಟ್, ಈವನ್ ಪ್ಯಾರಿಟಿ, ಎರಡು ಸ್ಟಾಪ್ ಬಿಟ್. ಎಡಿಟ್ ಮೋಡ್‌ಗೆ ಹಾಕಿ, ಪ್ಯಾರಾಮೀಟರ್ ಪೇಜ್ ತೆಗೆದು, ಔಟ್‌ಪುಟ್ ಸ್ಟಾರ್ಟ್ ಒತ್ತಿದರೆ ಸಾಲು ಸಾಲಾಗಿ ಬರುತ್ತದೆ. ಬೀದಿಬದಿಯ ಅಗ್ಗದ ಕನ್ವರ್ಟರ್‌ಗಳು ಮಧ್ಯದಲ್ಲಿ ಅಕ್ಷರ ನುಂಗುತ್ತವೆ. ಎಫ್‌ಟಿಡಿಐ ಚಿಪ್ ಇರುವುದು ಹಾಕಿಕೊಳ್ಳಿ. ಇಷ್ಟಾದರೂ ನನಗೆ ಸಮಾಧಾನ ಇರಲ್ಲ. ಪ್ಯಾರಾಮೀಟರ್ ಪೇಜ್‌ಗಳನ್ನೆಲ್ಲ ಒಂದೊಂದಾಗಿ ಫೋನಲ್ಲಿ ಫೋಟೋ ಹೊಡೆದೆ. 900ರ ಪೇಜನ್ನು ಕೈಯಲ್ಲೂ ಬರೆದುಕೊಂಡೆ. ಸುಮ್ನೆ ಅಲ್ಲ, ಹಸಿರು ಸ್ಕ್ರೀನಿನ ಫೋಟೋದಲ್ಲಿ 0 ಯಾವುದು, 8 ಯಾವುದು ಅಂತ ಆಮೇಲೆ ಕಣ್ಣು ಕಿರಿದು ಮಾಡಿ ನೋಡುವ ಕರ್ಮ ಯಾಕೆ?

ಇನ್ನೊಂದು ಬ್ಯಾಕಪ್ ಇದೆ, ಹೆಚ್ಚಿನವರು ಅದನ್ನು ಯೋಚಿಸುವುದೇ ಇಲ್ಲ. ಬೋರ್ಡ್ ಮೇಲೆ ಸಾಕೆಟ್ಟಿನಲ್ಲಿ ಕೂತ ಇಪಿರಾಂ ಚಿಪ್‌ಗಳು, ಬ್ಯಾಟರಿ ಇಲ್ಲದೆಯೂ ಸಾಫ್ಟ್‌ವೇರ್ ಹಿಡಿದಿಡುವ ಮೆಮೊರಿ. ನೆತ್ತಿಯ ಮೇಲೆ ಗಾಜಿನ ಕಿಟಕಿ, ಅದಕ್ಕೊಂದು ಸ್ಟಿಕ್ಕರ್. ಕೆಲವದರಲ್ಲಿ ಫಾನುಕ್ ಕೊಟ್ಟ ಸಿಸ್ಟಂ ಸಾಫ್ಟ್‌ವೇರ್ ಇರುತ್ತದೆ, ಅದು ಎಲ್ಲಾದರೂ ಸಿಕ್ಕೀತು. ಆದರೆ ಪಿಎಂಸಿ ಲ್ಯಾಡರ್ (ಮಷಿನ್ನಿನ ಸ್ವಿಚ್, ರಿಲೇ ಕೆಲಸ ನಡೆಸುವ ಪ್ರೋಗ್ರಾಂ) ಇರುವ ಚಿಪ್ ಮಷಿನ್ ಕಟ್ಟಿದವರದ್ದು. ಟೂಲ್ ಚೇಂಜರ್ ಹೇಗೆ ತಿರುಗಬೇಕು, ಕೂಲಂಟ್ ಯಾವಾಗ ಬರಬೇಕು, ಎಲ್ಲ ಅದರಲ್ಲೇ. ಮಷಿನ್ ಕಟ್ಟಿದ ಕಂಪನಿ ಬಾಗಿಲು ಹಾಕಿದ್ದರೆ ಅದು ಎಲ್ಲೂ ಸಿಗಲ್ಲ. ಸ್ಟಿಕ್ಕರ್ ಉದುರಿ ಬೆಳಕು ಬಿದ್ದರೆ ವರ್ಷಗಳು ಕಳೆದಂತೆ ಒಳಗಿನದು ಅಳಿಸುತ್ತದೆ. ಇಪಿರಾಂ ಪ್ರೋಗ್ರಾಮರ್‌ನಲ್ಲಿ ಒಂದೊಂದನ್ನೂ ಓದಿ ಫೈಲ್ ಮಾಡಿ ಇಟ್ಟೆ. ಯಾವ ಚಿಪ್ ಯಾವ ಸಾಕೆಟ್, ನಾಚ್ ಯಾವ ಕಡೆ ಅಂತ ಮೊದಲೇ ಫೋಟೋ. ಸೆಕೆಂಡ್ ಹ್ಯಾಂಡ್ ಮೆಮೊರಿ ಬೋರ್ಡ್ ಕೊಳ್ಳುವವರೂ ಇದನ್ನು ನೆನಪಿಡಿ. ಬರುವ ಬೋರ್ಡಿನಲ್ಲಿ ಸಾಕೆಟ್ ಖಾಲಿ ಇರಬಹುದು, ಇಲ್ಲವೇ ಬೇರೆ ಯಾವುದೋ ಮಷಿನ್ನಿನ ಲ್ಯಾಡರ್ ಇರಬಹುದು. ನಿಮ್ಮ ಚಿಪ್ ಕಿತ್ತು ಅದಕ್ಕೆ ಕೂರಿಸಬೇಕು. ಹಳೇ ಬೋರ್ಡನ್ನು ಚಿಪ್ ಸಮೇತ ಗುಜರಿಗೆ ಕೊಟ್ಟು ಕೈ ಸುಟ್ಟುಕೊಂಡವರನ್ನು ನಾನು ಬಲ್ಲೆ.

ಈಗ ಪವರ್ ಯೂನಿಟ್. ಇದರ ನಂಬರ್ ಎ16ಬಿ-1212-0100. ನಂಬರ್ ಓದುವುದನ್ನು ಕಲಿತರೆ ಅರ್ಧ ಹುಡುಕಾಟ ಮುಗಿದಂತೆ. ಎ16ಬಿ, ಎ20ಬಿ ಅಂದರೆ ಬೋರ್ಡ್‌ಗಳು. ಎ06ಬಿ ಅಂದರೆ ಮೋಟರ್, ಡ್ರೈವ್. ಎ02ಬಿ ಕಂಟ್ರೋಲ್ ಸೆಟ್. ಇವೆಲ್ಲ ಫಾನುಕ್ ಸ್ವಂತದ್ದು, ಬೇರೆ ಹೆಸರಲ್ಲಿ ಸಿಗಲ್ಲ. ಬಿ ಬದಲು ಎಲ್ ಬಂದರೆ ಕಥೆ ಬೇರೆ. ಎ60ಎಲ್ ಫ್ಯೂಸ್, ಎ90ಎಲ್ ಫ್ಯಾನ್, ಎ98ಎಲ್ ಬ್ಯಾಟರಿ, ಎ61ಎಲ್ ಸ್ಕ್ರೀನ್, ಎ50ಎಲ್ ಪವರ್ ಮಾಡ್ಯೂಲ್. ಇವು ಸಾಮಾನ್ಯವಾಗಿ ಹೊರಗಿನಿಂದ ಕೊಂಡು, ಮೇಲೊಂದು ಫಾನುಕ್ ನಂಬರ್ ಕೊಟ್ಟ ಪಾರ್ಟ್‌ಗಳು. ಅವುಗಳ ಮೈಮೇಲೆ ನಿಜವಾದ ತಯಾರಕರ ಹೆಸರು, ಅವರ ನಂಬರ್ ಕೂಡ ಇರುತ್ತದೆ. ಆ ನಂಬರ್ ಹಿಡಿದು ಹೋದರೆ ಬೆಲೆ ಎಷ್ಟೋ ಸಲ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಬೋರ್ಡ್ ನಂಬರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಬರೆದ ಎಡಿಷನ್ ನಂಬರನ್ನೂ ಬರೆದುಕೊಳ್ಳಿ. ಬೋರ್ಡೇ ಕೊಳ್ಳಬೇಕಾಗಿ ಬಂದರೆ ಮಾರುವವರು ಮೊದಲು ಕೇಳುವುದು ಅದನ್ನೇ.

ಯೂನಿಟ್ ಕಳಚಿ ಟೇಬಲ್ ಮೇಲೆ ಇಟ್ಟಾಗ ಮೊದಲು ಗೊತ್ತಾದದ್ದು ವಾಸನೆ. ಸೋಲ್ಡರಿಂಗ್ ಐರನ್ ತಾಗಿಸಿದ ಕೂಡಲೇ ಒಣಮೀನಿನ ಅಂಗಡಿ ಹತ್ತಿರ ನಿಂತ ಹಾಗೆ. ಸೋರಿದ ಎಲೆಕ್ಟ್ರೋಲೈಟ್ ಬಿಸಿಯಾದರೆ ಹಾಗೇ. ಮೇಲಿನಿಂದ ನೋಡಿದರೆ ಕೆಪ್ಯಾಸಿಟರ್‌ಗಳು ಚೆನ್ನಾಗೇ ಇದ್ದವು. ಉಬ್ಬಿಲ್ಲ, ಒಡೆದಿಲ್ಲ. ಬುಡದಲ್ಲಿ ಬೋರ್ಡಿನ ಬಣ್ಣ ಕಪ್ಪಾಗಿತ್ತು, ಸೋಲ್ಡರ್ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಇಎಸ್‌ಆರ್ ಮೀಟರ್ ಇಟ್ಟರೆ ಔಟ್‌ಪುಟ್ ಕಡೆಯ ಕೆಪ್ಯಾಸಿಟರ್‌ಗಳು ಒಂದಾದ ಮೇಲೊಂದು ಫೇಲ್. ಮೈಕ್ರೋಫ್ಯಾರಡ್ ಮಾತ್ರ ನೋಡುವವರು ಮೋಸ ಹೋಗುವುದು ಇಲ್ಲೇ. ಫ್ಯಾರಡ್ ಲೆಕ್ಕದಲ್ಲಿ ಕೆಲವು ಇನ್ನೂ ಪಾಸಾಗುವಂತಿದ್ದವು.

ಒಂದು ಎಚ್ಚರಿಕೆ. ಇದಕ್ಕೆ ಒಳಗೆ ಬರುವುದು 200 ವೋಲ್ಟ್ ಎಸಿ. ಜಪಾನಿನ ಮಷಿನ್ ಆದ್ದರಿಂದ ನಮ್ಮ 415 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಳಿಸಿ ಕೊಡುತ್ತದೆ. ಒಳಗೆ ರೆಕ್ಟಿಫೈ ಆದ ಮೇಲೆ ದೊಡ್ಡ ಕೆಪ್ಯಾಸಿಟರ್‌ನಲ್ಲಿ 280 ವೋಲ್ಟ್ ಡಿಸಿ ನಿಲ್ಲುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಮೀಟರ್ ಇಟ್ಟು ನೋಡದೆ ಕೈ ಇಡಬೇಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಚಾಳಿಯೂ ಬೇಡ, ರೆಸಿಸ್ಟರ್ ಹಾಕಿ ಇಳಿಸಿ.

ಪಟ್ಟಿ ಮಾಡಿಕೊಂಡೆ. ವ್ಯಾಲ್ಯೂ, ವೋಲ್ಟೇಜ್ ಮಾತ್ರ ಅಲ್ಲ. ವರ್ನಿಯರ್ ಹಿಡಿದು ವ್ಯಾಸ, ಎತ್ತರ, ಎರಡು ಕಾಲಿನ ನಡುವಿನ ಅಂತರ ಎಲ್ಲ ಬರೆದುಕೊಂಡೆ. ಎತ್ತರ ಯಾಕೆ ಅಂದರೆ ಕವರ್ ಮುಚ್ಚಬೇಕಲ್ಲ. ಹೊಸ ಕೆಪ್ಯಾಸಿಟರ್‌ಗಳು ಅದೇ ವ್ಯಾಲ್ಯೂನಲ್ಲಿ ಹಳೇದಕ್ಕಿಂತ ಸಣ್ಣಗಿರುತ್ತವೆ. ಹಾಗಾಗಿ ಜಾಗ ಸಾಕಾಗುತ್ತದೆ, ಕಾಲಿನ ಅಂತರ ಕೂಡಲ್ಲ. ವೋಲ್ಟೇಜಿನಲ್ಲಿ ಒಂದು ಮೆಟ್ಟಿಲು ಮೇಲಿನದು ಹಾಕಿದರೆ ಗಾತ್ರವೂ ಹತ್ತಿರ ಬರುತ್ತದೆ, ಬಾಳಿಕೆಗೂ ಒಳ್ಳೇದು.

ಎಸ್‌ಪಿ ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವರಿಗೆ ಸಾದರ್ ಪತ್ರಪ್ಪ ರೋಡ್ ಗೊತ್ತಿಲ್ಲದೆ ಇರಲ್ಲ. ಸಾಧಾರಣ ರೆಸಿಸ್ಟರ್, ರಿಲೇ, ಕನೆಕ್ಟರ್, ಹೀಟ್ ಶ್ರಿಂಕ್ ಟ್ಯೂಬ್, ವೈರ್‌ಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಕೆಪ್ಯಾಸಿಟರ್ ಪಟ್ಟಿ ಕೊಟ್ಟೆ. ಕೌಂಟರಿನವರು ಒಂದೊಂದೇ ತೆಗೆದು ಮುಂದಿಟ್ಟರು. ಎಲ್ಲದರ ಮೇಲೂ 85 ಡಿಗ್ರಿ, ಅಂದರೆ ತಡೆಯುವ ಬಿಸಿಯ ಮಿತಿ.

‘105 ಡಿಗ್ರಿದು ಬೇಕು, ಲೋ ಇಎಸ್‌ಆರ್’ ಅಂದೆ.

‘ಸೇಮ್ ವ್ಯಾಲ್ಯೂ ಅಲ್ವಾ ಸಾರ್? ಹಾಕಿ, ನಡೀತದೆ. ಟಿವಿಯವರೆಲ್ಲ ಇದೇ ತಗೊಂಡು ಹೋಗೋದು.’

‘ಟಿವಿ ಕೆಟ್ಟರೆ ಸೀರಿಯಲ್ ಹೋಗ್ತದೆ. ಇದು ಕೆಟ್ಟರೆ ಒಂದು ಶಿಫ್ಟ್ ಹೋಗ್ತದೆ.’

ನಕ್ಕು ಒಳಗಿನಿಂದ ಇನ್ನೊಂದು ಡಬ್ಬ ತಂದರು. ಹೆಸರು ಒಳ್ಳೇ ಜಪಾನಿ ಕಂಪನಿಯದು, ಪ್ರಿಂಟ್ ಮಾತ್ರ ಮಸುಕು. ಕೈಯಲ್ಲಿ ಹಿಡಿದರೆ ಹಗುರ. ದೊಡ್ಡ ಡಬ್ಬಿಯೊಳಗೆ ಸಣ್ಣ ಕೆಪ್ಯಾಸಿಟರ್ ಕೂರಿಸಿ ಮಾರುವ ಮಾಲು ಇದೆ ಅಂತ ಈ ಕೆಲಸದವರಿಗೆಲ್ಲ ಗೊತ್ತು. ನನ್ನ ಚೀಲದಲ್ಲಿ ಕೆಪ್ಯಾಸಿಟರ್ ಅಳೆಯುವ ಎಲ್‌ಸಿಆರ್ ಮೀಟರ್ ಇತ್ತು. ಇಟ್ಟು ತೋರಿಸಿದೆ, ಬರೆದದ್ದರ ಅರ್ಧವೂ ಇರಲಿಲ್ಲ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ‘ನಮಗೂ ಹೀಗೇ ಬರ್ತದೆ ಸಾರ್’ ಅಂದರು. ಅದೂ ನಿಜವೇ ಇರಬಹುದು.

ಕೆಪ್ಯಾಸಿಟರ್ ಎಲ್ಲ ದೊಡ್ಡ ಡಿಸ್ಟ್ರಿಬ್ಯೂಟರ್‌ಗಳಿಂದ ಆನ್‌ಲೈನ್ ತರಿಸಿದೆ. ಮೌಸರ್, ಡಿಜಿಕೀ, ಎಲಿಮೆಂಟ್14 ಇಂಥ ಕಡೆ ಮಾಲು ನೇರ ತಯಾರಕರಿಂದ ಬರುತ್ತದೆ. ನಕಲಿಯ ಭಯ ಇಲ್ಲ. ನಿಚಿಕಾನ್, ರೂಬಿಕಾನ್, ಪ್ಯಾನಸಾನಿಕ್ ಇವುಗಳಲ್ಲಿ 105 ಡಿಗ್ರಿಯ ಸ್ವಿಚಿಂಗ್ ಸಪ್ಲೈ ಸೀರೀಸ್ ನೋಡಿ ಆರಿಸಿದೆ. ಕೆಪ್ಯಾಸಿಟರ್ ಒಳಗಿನ ಬಿಸಿ 10 ಡಿಗ್ರಿ ಕಡಿಮೆಯಾದರೆ ಬಾಳಿಕೆ ಸುಮಾರು ದುಪ್ಪಟ್ಟಾಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸಿನವರ ಹಳೇ ಲೆಕ್ಕ. ಹಾಗಾಗಿ ನಾಲ್ಕು ಕಾಸು ಉಳಿಸಲು 85 ಡಿಗ್ರಿಯದು ಹಾಕುವುದರಲ್ಲಿ ಅರ್ಥವೇ ಇಲ್ಲ. ಒಂದೊಂದನ್ನೇ ತರಿಸಿದರೆ ಕೊರಿಯರ್ ಖರ್ಚೇ ಮಾಲಿಗಿಂತ ಜಾಸ್ತಿ. ಅದಕ್ಕೆ ಇನ್ನೆರಡು ಶಾಪಿನ ಅದೇ ಮಾಡೆಲ್ ಮಷಿನ್‌ಗಳಿಗೂ ಸೇರಿಸಿ ಒಂದೇ ಆರ್ಡರ್ ಹಾಕಿದೆ.

ಹಳೇದನ್ನು ತೆಗೆಯುವುದೇ ದೊಡ್ಡ ಕೆಲಸ. ಗ್ರೌಂಡ್ ಕಡೆಯ ಕಾಲಿಗೆ ತಾಮ್ರ ಜಾಸ್ತಿ, ಬಿಸಿಯೆಲ್ಲ ಅದು ಹೀರಿಕೊಳ್ಳುತ್ತದೆ. ಮೊದಲು ಹೊಸ ಸೋಲ್ಡರ್ ಸ್ವಲ್ಪ ಹಾಕಿ, ಹಳೇದು ಕರಗಿ ಬೆರೆತ ಮೇಲೆ ಪಂಪ್ ಇರುವ ಡಿಸೋಲ್ಡರಿಂಗ್ ಸ್ಟೇಷನ್‌ನಲ್ಲಿ ಎಳೆದೆ. ಕಾಲು ಅಲ್ಲಾಡುವ ತನಕ ಎಳೆಯಬಾರದು, ಪ್ಯಾಡ್ ಕಿತ್ತು ಬರುತ್ತದೆ. ಎಲೆಕ್ಟ್ರೋಲೈಟ್ ಸೋರಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್, ಹಳೇ ಟೂತ್ ಬ್ರಶ್ ಹಿಡಿದು ತೊಳೆದೆ. ಕಪ್ಪು ಹೋದ ಮೇಲೆ ಕೆಳಗಿನ ಒಂದು ಸಣ್ಣ ಟ್ರ್ಯಾಕ್ ಹಸಿರಾಗಿ ತಿಂದುಹೋಗಿರುವುದು ಕಾಣಿಸಿತು. ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಷ್ಟು ತಾಮ್ರ ಉಳಿದಿತ್ತು. ಅದರ ಎರಡೂ ತುದಿಗೆ ತೆಳು ವೈರ್ ಎಳೆದು ಬೆಸೆದೆ.

ತೊಳೆಯುವಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಎಫ್14 ಅಂತ ಬರೆದ ಜಾಗದಲ್ಲಿ ಫ್ಯೂಸ್ ಇತ್ತು, ಅದರ ಬೆನ್ನಿಗೆ ಯಾರೋ ಒಂದು ಎಳೆ ತಾಮ್ರದ ತಂತಿ ಬೆಸೆದಿದ್ದರು. ಮನೆಯ ಮೇನ್ ಸ್ವಿಚ್ಚಿಗೆ ಹಾಕುವ ಅದೇ ಜಾಣತನ. ಈ ಫ್ಯೂಸ್ +24ಇ ಅನ್ನುವ ಸಪ್ಲೈಗೆ. ಮಷಿನ್ ಮೈಮೇಲಿರುವ ಲಿಮಿಟ್ ಸ್ವಿಚ್, ಪ್ರಾಕ್ಸಿಮಿಟಿ, ಬಟನ್‌ಗಳಿಗೆಲ್ಲ ಹೋಗುವ 24 ವೋಲ್ಟ್ ಅದು. ಫ್ಯೂಸ್ ಹೋದರೆ ಸ್ಕ್ರೀನಿನಲ್ಲಿ 950 ಅಲಾರ್ಮ್ ಬರಬೇಕು. ತಂತಿ ಹಾಕಿದ ಪುಣ್ಯಾತ್ಮರಿಗೆ ಅಲಾರ್ಮ್ ಬೇಡವಾಗಿತ್ತು, ಅಷ್ಟೇ. ಶಾರ್ಟ್ ಎಲ್ಲಿದೆ ಅಂತ ಹುಡುಕುವ ಬದಲು ಶಾರ್ಟ್ ಆದಾಗ ಪವರ್ ಯೂನಿಟ್ ತಡೆದುಕೊಳ್ಳಲಿ ಅಂತ ಬಿಟ್ಟಿದ್ದಾರೆ. ಕೆಪ್ಯಾಸಿಟರ್ ಬೇಗ ಬಳಲುವುದಕ್ಕೆ ಇದೂ ಸೇರಿರಬಹುದು ಅಂತ ನನ್ನ ಅಂದಾಜು.

ಆ ಫ್ಯೂಸ್ ನಂಬರ್ ಎ60ಎಲ್-0001-0046, ಕೊನೆಗೆ 5.0, ಅಂದರೆ 5 ಆಂಪಿಯರ್. ನೋಡಲು ಸಣ್ಣ ಪ್ಲಾಸ್ಟಿಕ್ ತುಂಡು, ಮೇಲೆ ಪುಟ್ಟ ಕಿಟಕಿ. ಜಪಾನಿನ ಡೈಟೋ ಕಂಪನಿಯ ಅಲಾರ್ಮ್ ಫ್ಯೂಸ್. ಒಳಗಿನ ತಂತಿ ಕರಗಿದರೆ ಸ್ಪ್ರಿಂಗ್ ಬಿಟ್ಟುಕೊಂಡು ಒಂದು ಗುರುತು ಕಿಟಕಿಯಲ್ಲಿ ಕಾಣಿಸುತ್ತದೆ. ಎಸ್‌ಪಿ ರೋಡಿನ ಗಾಜಿನ ಫ್ಯೂಸ್ ಅದರ ಹೋಲ್ಡರಿಗೆ ಕೂರುವುದೇ ಇಲ್ಲ. ತಂತಿ ಬೆಸೆಯುವ ಬುದ್ಧಿ ಬರುವುದೂ ಅದಕ್ಕೇ. ಫಾನುಕ್ ನಂಬರಿನಲ್ಲಿ ಹುಡುಕಿದರೂ ಸಿಗುತ್ತದೆ, ಡೈಟೋ ನಂಬರಿನಲ್ಲಿ ಹುಡುಕಿದರೂ ಸಿಗುತ್ತದೆ. ಒಂದು ಡಜನ್ ತರಿಸಿ ಇಟ್ಟೆ. ಈ ಒಂದು ಫ್ಯೂಸ್ ಇಲ್ಲದೆ ಮಷಿನ್ ನಿಲ್ಲಿಸುವುದಕ್ಕಿಂತ ಅವಮಾನ ಬೇರೆ ಇಲ್ಲ.

ರಿಪೇರಿಯಾದ ಯೂನಿಟನ್ನು ನೇರ ಮಷಿನ್ನಿಗೆ ಹಾಕಲಿಲ್ಲ. ಟೇಬಲ್ ಮೇಲೆ ಸೀರೀಸ್ ಲ್ಯಾಂಪ್ ಕಟ್ಟಿ, ಅಂದರೆ ಕರೆಂಟ್ ಬರುವ ದಾರಿಯಲ್ಲಿ ಒಂದು ಬಲ್ಬ್ ಸೇರಿಸಿ, ಕರೆಂಟ್ ಕೊಟ್ಟೆ. ಬಲ್ಬ್ ಒಂದು ಕ್ಷಣ ಹೊಳೆದು ಮಂಕಾಯಿತು, ಅಂದರೆ ಒಳಗೆ ಶಾರ್ಟ್ ಇಲ್ಲ. ಹೊಳೆಯುತ್ತಲೇ ಇದ್ದರೆ ತಕ್ಷಣ ತೆಗೆಯಬೇಕು. ಆಮೇಲೆ ಲ್ಯಾಂಪ್ ತೆಗೆದು, 5 ವೋಲ್ಟಿಗೆ ದಪ್ಪ ರೆಸಿಸ್ಟರ್, 24 ವೋಲ್ಟಿಗೆ ಲಾರಿ ಬಲ್ಬ್ ಲೋಡ್ ಹಾಕಿದೆ. ಇಂಥ ಸಪ್ಲೈಗಳನ್ನು ಲೋಡ್ ಇಲ್ಲದೆ ಅಳೆದು ನಂಬಬಾರದು. 5 ವೋಲ್ಟ್ ಸರಿಯಾಗಿ ನಿಂತಿತು. ಪ್ಲಸ್ 15, ಮೈನಸ್ 15, 24 ಎಲ್ಲ ಸರಿ. ಆಸಿಲೋಸ್ಕೋಪಿನಲ್ಲಿ ರಿಪ್ಪಲ್, ಅಂದರೆ ವೋಲ್ಟೇಜಿನ ಏರಿಳಿತ, ನೋಡಿದೆ. ಬಿಚ್ಚುವ ಮೊದಲು ಮಷಿನ್ ಮೇಲೇ ಅಳೆದಾಗ 5 ವೋಲ್ಟಿನ ಗೆರೆ ಮುಳ್ಳುಬೇಲಿ ಆಗಿತ್ತು. ಈಗ ದಾರ ಎಳೆದ ಹಾಗೆ ನೆಟ್ಟಗೆ. ಕೊನೆಗೆ ಯೂನಿಟನ್ನು ಇಡೀ ರಾತ್ರಿ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಫ್ರೀಜರ್ ಸ್ಪ್ರೇ ಹೊಡೆದು ಆನ್ ಮಾಡಿದೆ. ಒಂದೇ ಸಲಕ್ಕೆ ಹಸಿರು.

ಮಷಿನ್ ಎದ್ದಿತು, ಸೋಮವಾರಗಳೂ ಸುಖವಾಗಿ ಕಳೆದವು. ತಂತಿ ತೆಗೆದು ಸರಿಯಾದ ಫ್ಯೂಸ್ ಹಾಕಿದ್ದೆನಲ್ಲ, ಅದರ ಫಲ ಸ್ವಲ್ಪ ದಿನಕ್ಕೆ ಬಂತು. 950 ಅಲಾರ್ಮ್. ಓನರ್ ಫೋನ್ ಮಾಡಿ ‘ನೀವು ರಿಪೇರಿ ಮಾಡಿದ್ದೇ ಮತ್ತೆ ಹೋಯ್ತಲ್ಲ’ ಅಂದರು. ಹೋಗಿದ್ದಲ್ಲ, ಈಗ ತಾನೇ ಕೆಲಸ ಮಾಡಲು ಶುರು ಮಾಡಿದ್ದು ಅಂತ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. ವೈ ಆಕ್ಸಿಸ್ (ಟೇಬಲ್ ಹಿಂದೆ ಮುಂದೆ ಚಲಿಸುವ ದಿಕ್ಕು) ಹಿಂದಕ್ಕೆ ಹೋದಾಗ ಮಾತ್ರ ಫ್ಯೂಸ್ ಹೋಗುತ್ತದೆ ಅಂತ ಆಪರೇಟರ್ ಹೇಳಿದರು. ಟೇಬಲ್ ಅಲ್ಲೇ ಬಿಡಿ, ಮುಟ್ಟಬೇಡಿ ಅಂದೆ. ಫ್ಯೂಸ್ ಇದ್ದ ಜಾಗಕ್ಕೆ 24 ವೋಲ್ಟಿನ ಲಾರಿ ಬಲ್ಬ್ ಸಿಕ್ಕಿಸಿದೆ. ಶಾರ್ಟ್ ಇರುವ ತನಕ ಬಲ್ಬ್ ಜೋರಾಗಿ ಉರಿಯುತ್ತದೆ, ಫ್ಯೂಸ್ ಖರ್ಚಾಗಲ್ಲ. ಐಒ ಕನೆಕ್ಟರ್ ಒಂದೊಂದೇ ತೆಗೆಯುತ್ತಾ ಹೋದೆ. ವೈ ಲಿಮಿಟ್ ಸ್ವಿಚ್ಚಿನ ಲೈನ್ ಬಿಡಿಸಿದ ಕೂಡಲೇ ಬಲ್ಬ್ ಮಂಕಾಯಿತು. ಟೆಲಿಸ್ಕೋಪಿಕ್ ಕವರ್ ಎತ್ತಿ ನೋಡಿದರೆ ಕೇಬಲ್ಲಿನ ಮೇಲ್ಪದರ ಕೂಲಂಟ್ ಕುಡಿದು ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಬಾಗುವ ಜಾಗದಲ್ಲಿ ಸೀಳಿ, ಒಳಗಿನ ವೈರ್ ಕಬ್ಬಿಣಕ್ಕೆ ತಾಗುತ್ತಿತ್ತು. ಪಿವಿಸಿ ಕೇಬಲ್ ಬೇಡ ಅಂತ ಪಿಯುಆರ್ (ಪಾಲಿಯುರೆಥೇನ್) ಹೊದಿಕೆಯ ಡ್ರ್ಯಾಗ್ ಚೈನ್ ಕೇಬಲ್ ಹಾಕಿದೆ. ಎಣ್ಣೆ, ಕೂಲಂಟ್ ಎರಡನ್ನೂ ಅದು ತಡೆಯುತ್ತದೆ.

ಸ್ಕ್ರೀನ್ ಬಗ್ಗೆ ಎರಡು ಮಾತು. ಒಂಬತ್ತು ಇಂಚಿನ ಸಿಆರ್‌ಟಿ ಮಂಕಾಗಿತ್ತು. ನಂಬರ್ ಎ61ಎಲ್-0001-0093. ಸಾಧಾರಣ ಕಂಪ್ಯೂಟರ್ ಮಾನಿಟರ್ ತಂದು ಸಿಕ್ಕಿಸಲು ಆಗಲ್ಲ. ವಿಜಿಎ ಮಾನಿಟರ್ ಸುಮಾರು 31 ಕಿಲೋಹರ್ಟ್ಸ್‌ನಿಂದ ಮೇಲೆ ಕೇಳುತ್ತದೆ, ಇದು ಕೊಡುವುದು ಅದರ ಅರ್ಧ. ಈ ನಂಬರಿಗೇ ಅಂತ ಮಾಡಿದ ಎಲ್‌ಸಿಡಿ ಕಿಟ್‌ಗಳು ಸಿಗುತ್ತವೆ. ಸ್ಕ್ರೂ ತೂತುಗಳೂ ಹೊಂದುತ್ತವೆ. ಅದನ್ನೇ ಹಾಕಿದೆ, ಮುಗಿಯಿತು. ಹಳೇ ಟ್ಯೂಬ್ ರಿಪೇರಿ ಮಾಡುವ ಹಟ ನನಗಿಲ್ಲ.

ಸರ್ವೋ ಮೋಟರಿಗೆ ಕರೆಂಟ್ ಕೊಡುವ ಸರ್ವೋ ಆಂಪ್ಲಿಫೈಯರ್ ವಿಷಯದಲ್ಲಿ ನನ್ನ ನಿಲುವು ಬೇರೆ. ಎ06ಬಿ-6058 ಸೀರೀಸಿನ ಆಂಪ್ಲಿಫೈಯರ್ ಮೇಲೆ ಒಂದು ಅಂಕಿಯ ಡಿಸ್‌ಪ್ಲೇ ಇರುತ್ತದೆ. ಎರಡು ಆಕ್ಸಿಸ್ ಇರುವ ಯೂನಿಟ್ ಆದರೆ (ಮೊದಲನೆಯದು ಎಲ್, ಎರಡನೆಯದು ಎಂ) 8 ಬಂದಾಗ ಎಲ್ ಆಕ್ಸಿಸ್‌ನಲ್ಲಿ ಕರೆಂಟ್ ಜಾಸ್ತಿ, 9 ಬಂದರೆ ಎಂ ಆಕ್ಸಿಸ್‌ನಲ್ಲಿ. ಮೋಟರ್ ಕೇಬಲ್ ಬಿಚ್ಚಿ ನೋಡಿದಾಗಲೂ ಅದೇ ಬಂದರೆ ಯೂನಿಟ್ ಒಳಗೇ ದೋಷ. ಇಷ್ಟರ ತನಕ ನಾನು ನೋಡುತ್ತೇನೆ. ಎ50ಎಲ್ ಮಾಡ್ಯೂಲ್ ತಂದು ಹಾಕುವುದು ಸುಲಭ ಅನ್ನಿಸಬಹುದು. ಆದರೆ ಮಾಡ್ಯೂಲ್ ಹೋಗುವಾಗ ಅದನ್ನು ಓಡಿಸುವ ಡ್ರೈವರ್ ಸರ್ಕ್ಯೂಟನ್ನೂ ಕರೆದುಕೊಂಡು ಹೋಗಿರುತ್ತದೆ. ಅದನ್ನು ನೋಡದೆ ಹೊಸದು ಹಾಕಿದರೆ ಆನ್ ಮಾಡಿದ ಕ್ಷಣವೇ ಢಂ. ಲೋಡ್ ಹಾಕಿ ಟೆಸ್ಟ್ ಮಾಡುವ ರಿಗ್ ನನ್ನ ಹತ್ತಿರ ಇಲ್ಲ. ಅಂಥದ್ದನ್ನು ರಿಗ್ ಇರುವ ರಿಪೇರಿಯವರಿಗೇ ಕೊಡಿಸುತ್ತೇನೆ. ಫಾನುಕ್ ಇಂಡಿಯಾ ಕಚೇರಿ ಬೆಂಗಳೂರಿನಲ್ಲೇ ಇದೆ, ಅಲ್ಲೂ ಕೇಳಬಹುದು.

ಕೊನೆಗೆ ಪ್ಯಾನೆಲ್ ಬಾಗಿಲು. ಇದರ ಹೀಟ್ ಎಕ್ಸ್‌ಚೇಂಜರ್ ಫ್ಯಾನ್ ಯಾವಾಗಲೋ ನಿಂತಿತ್ತು. ಅದಕ್ಕೆ ಬೇಸಿಗೆಯಲ್ಲಿ ಬಾಗಿಲು ತೆರೆದು ಎದುರಿಗೆ ಪೆಡೆಸ್ಟಲ್ ಫ್ಯಾನ್ ಇಡುತ್ತಿದ್ದರು. ಪೀಣ್ಯದ ಯಾವ ಶೆಡ್ಡಿಗೆ ಹೋದರೂ ಈ ದೃಶ್ಯ ಕಾಣುತ್ತದೆ. ತಂಪಾಗುತ್ತದೆ ನಿಜ, ಜೊತೆಗೆ ಕೂಲಂಟ್ ಮಂಜು, ಎರಕದ ಸಣ್ಣ ಪುಡಿ ಎರಡೂ ಬೋರ್ಡ್ ಮೇಲೆ ಕೂರುತ್ತವೆ. ಎರಕದ ಪುಡಿಯಲ್ಲಿ ಕಬ್ಬಿಣ ಇದೆ, ಗ್ರಾಫೈಟ್ ಇದೆ, ಎರಡರಲ್ಲೂ ಕರೆಂಟ್ ಹರಿಯುತ್ತದೆ. ಎಕ್ಸ್‌ಚೇಂಜರ್ ಫ್ಯಾನಿನ ಮೇಲಿದ್ದ ನಂಬರ್, ವೋಲ್ಟೇಜ್ ನೋಡಿ ಅದೇ ಅಳತೆಯ 200 ವೋಲ್ಟ್ ಬಾಲ್ ಬೇರಿಂಗ್ ಫ್ಯಾನ್ ಹಾಕಿದೆ. ಇಲ್ಲಿ 230 ವೋಲ್ಟಿನದು ಹಾಕಿದರೆ ನಿಧಾನ ತಿರುಗುತ್ತದೆ, ಗಮನ ಇರಲಿ. ಬಾಗಿಲಿನ ರಬ್ಬರ್ ಬೀಡಿಂಗ್ ಬದಲಾಯಿಸಿ, ಬೀಗ ಹಾಕಿ, ಕೀ ಓನರ್ ಕೈಗೆ ಕೊಟ್ಟೆ. ಆಪರೇಟರಿಗೆ ಸ್ವಲ್ಪ ಮುನಿಸು ಇದೆ, ಅವರ ಊಟದ ಡಬ್ಬ ಒಳಗೆ ಇಡಲು ಈಗ ಜಾಗ ಇಲ್ಲ.

ಉಳಿದದ್ದು ಸ್ಪಿಂಡಲ್ ಡ್ರೈವ್. ಅದರ ಡಿಸಿ ಲಿಂಕ್ ಕೆಪ್ಯಾಸಿಟರ್‌ಗಳೂ (ರೆಕ್ಟಿಫೈ ಆದ ಡಿಸಿ ಹಿಡಿದಿಡುವವು) ಅಷ್ಟೇ ಹಳೇವು. ಸದ್ಯಕ್ಕೆ ಅಲಾರ್ಮ್ ಏನೂ ಇಲ್ಲ. ಆಯುಧಪೂಜೆ ರಜೆಯಲ್ಲಿ ಹೇಗೂ ಮಷಿನ್ ನಿಲ್ಲಿಸುತ್ತಾರೆ, ಆಗ ಬಿಚ್ಚುವುದು ಅಂತ ಮಾತಾಗಿದೆ. ಸ್ಕ್ರೂ ಟರ್ಮಿನಲ್ ಇರುವ ದೊಡ್ಡ ಡಬ್ಬಿಗಳು. ವ್ಯಾಸ, ಎತ್ತರ, ಟರ್ಮಿನಲ್ ಅಂತರ ಬರೆದುಕೊಂಡಿದ್ದೇನೆ, ಆರ್ಡರ್ ಹೋಗಿದೆ.